ಹಾಲಿಗಿರುವ ಪರೀಕ್ಷೆ ತರಕಾರಿಗೇಕಿಲ್ಲ?

(ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಹಾಲು ಉತ್ಪಾದಕರ ಸಹಕಾರ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹಣ್ಣು ತರಕಾರಿಗಳಲ್ಲಿ ಉಳಿಯುವ ಕೀಟನಾಶಕದ ಅಂಶವನ್ನು ಪರೀಕ್ಷೆ ಮಾಡುವ ವಿಚಾರವಾಗಿ ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ಡೈರಿಯವರ ಸಭೆಯಲ್ಲಿ ಬದನೆಕಾಯಿಯ ಮಾತೇಕೆ ಎಂದು ಕೆಲವರಿಗಾದರೂ ಅನ್ನಿಸಿರಬಹುದು. ಆದರೆ ಇಲ್ಲಿ ಕುಳಿತಿರುವವರಲ್ಲಿ ಹಾಲು ಮಾತ್ರ ಉತ್ಪಾದಿಸುವವರು ಎಷ್ಟು ಮಂದಿ? ಶ್ರೀರಂಗಪಟ್ಟಣ, ಪಾಂಡವಪುರದ ನಾಲಾ ಬಯಲಿನಲ್ಲಿ ಭತ್ತ ಕಬ್ಬಿನ ಪಕ್ಕದಲ್ಲೇ ಹತ್ತು ಗುಂಟೆ ಬೆಂಡೆ, ಹೀರೆ ಇರುತ್ತದೆ. ಕೆ.ಆರ್. ಪೇಟೆ, ನಾಗಮಂಗಲದ ಕಡೆ ಕೊಳವೆಬಾವಿಯ ನೀರಿನಲ್ಲಿ ಟೊಮ್ಯಾಟೊ, ಬೀನ್ಸ್, ಬದಿಯಲ್ಲಿ ತೆಂಗು. ಹಸು ಕಟ್ಟಿರುವ ಮನೆ, ತರಕಾರಿ ಬೆಳೆಯುವ ಮನೆ, ಎರಡೂ ಒಂದೇ.

ಆ ಒಂದೇ ಮನೆಯಿಂದ ಬೆಳಿಗ್ಗೆ ಎರಡು ಸರಕು ಹೊರಡುತ್ತವೆ. ಹಾಲು ಡೈರಿಗೆ ಬರುತ್ತದೆ. ಅಲ್ಲಿ ಮಾದರಿ ತೆಗೆಯುತ್ತಾರೆ, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ನೋಡುತ್ತಾರೆ, ತಮ್ಮ ಸದಸ್ಯತ್ವದ ಸಂಖ್ಯೆಯ ಮುಂದೆ ಬರೆಯುತ್ತಾರೆ, ಅದರ ಮೇಲೆ ದರ. ಹಿಂದೆ ಡಿಗ್ರಿ ನೋಡುತ್ತಿದ್ದರು, ಗರ್ಬರ್ ಕೊಳವೆಯಲ್ಲಿ ಫ್ಯಾಟ್ ತೆಗೆಯುತ್ತಿದ್ದರು. ಈಗ ಯಂತ್ರ ಬಂದಿದೆ, ಅಷ್ಟೇ ವ್ಯತ್ಯಾಸ. ಇನ್ನೊಂದು ಸರಕು ಬದನೆಕಾಯಿಯ ಚೀಲ. ಅದು ಮೈಸೂರಿನ ಬಂಡಿಪಾಳ್ಯಕ್ಕೋ, ಮಂಡ್ಯದ ಮಾರುಕಟ್ಟೆಗೋ, ಬೆಂಗಳೂರಿನ ಕಲಾಸಿಪಾಳ್ಯಕ್ಕೋ ಹೋಗುತ್ತದೆ. ಅಲ್ಲಿ ಚೀಲದ ಬಾಯಿ ಬಿಚ್ಚಿ ಕಣ್ಣಿನಲ್ಲಿ ನೋಡುತ್ತಾರೆ. ಹೊಳಪಿದೆಯೇ, ಹುಳುಕಿಲ್ಲವೇ, ಒಂದೇ ಗಾತ್ರವಿದೆಯೇ ಎಂಬಷ್ಟರಲ್ಲಿ ಪರೀಕ್ಷೆ ಮುಗಿಯಿತು. ಹುಳುಕಿಲ್ಲದ, ಹೊಳೆಯುವ ಕಾಯಿ ಎಷ್ಟೋ ವೇಳೆ ಮೊನ್ನೆ ಸಂಜೆ ಔಷಧಿ ಹೊಡೆಸಿಕೊಂಡ ಕಾಯಿಯೇ ಆಗಿರುತ್ತದೆ. ಲೇಬಲ್ ಓದಿ, ಹೇಳಿದಷ್ಟು ದಿನ ಕಾದು, ನಾಲ್ಕು ಹುಳುಕು ಕಾಯಿಯ ಸಮೇತ ತಂದವನಿಗೆ ದರ ಕಡಿಮೆ. ಜಾಗ್ರತೆಯಿಂದ ಬೆಳೆದವನಿಗೆ ದಂಡ ಹಾಕುವ ಇಂಥ ವ್ಯಾಪಾರ ಹಾಲಿನಲ್ಲಿ ನಡೆದಿದ್ದರೆ ನಮ್ಮ ಒಕ್ಕೂಟ ಎಂದೋ ಮುಚ್ಚಿಹೋಗುತ್ತಿತ್ತು.

ಕೀಟನಾಶಕದ ಸಮಸ್ಯೆ ಹಾಲಿಗೆ ಹೊಸದೇನೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1993ರಲ್ಲಿ ಪ್ರಕಟಿಸಿದ ಒಂದು ವರದಿಯಿದೆ. ಹನ್ನೆರಡು ರಾಜ್ಯಗಳಿಂದ ಹಸು ಎಮ್ಮೆಗಳ ಹಾಲಿನ 2,205 ಮಾದರಿಗಳನ್ನು ತಂದು ಪರೀಕ್ಷಿಸಿದಾಗ ಶೇ. 82ರಷ್ಟು ಮಾದರಿಗಳಲ್ಲಿ ಡಿಡಿಟಿ ಇತ್ತು. ಶೇ. 37ರಷ್ಟರಲ್ಲಿ ಅದು ಮಿತಿಯನ್ನು ಮೀರಿತ್ತು. ಹಸುವಿಗೆ ಯಾರೂ ಡಿಡಿಟಿ ತಿನ್ನಿಸಿರಲಿಲ್ಲ. ಹುಲ್ಲು, ಮೇವು, ಹಿಂಡಿ, ಕೊಟ್ಟಿಗೆಗೆ ಎರಚಿದ ಪುಡಿ, ಇವುಗಳ ಮೂಲಕ ಅದು ಒಳಗೆ ಹೋಗಿತ್ತು. ಭತ್ತದ ಗದ್ದೆಗೆ ಎರಚುತ್ತಿದ್ದ ಗಮಾಕ್ಸಿನ್ ಪುಡಿಯನ್ನು ಹಿರಿಯರು ಮರೆತಿರಲಾರರು. ಅದರ ಕಥೆಯೂ ಇದೇ. ಈ ಜಾತಿಯ ಔಷಧಿಗಳು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕೂರುತ್ತವೆ. ಹಸುವಿನ ಮೈಯ ಕೊಬ್ಬಿನಿಂದ ಹಾಲಿನ ಫ್ಯಾಟಿಗೆ, ಅಲ್ಲಿಂದ ಬೆಣ್ಣೆಗೆ. ಯಾವ ಫ್ಯಾಟಿಗೆ ನಾವು ದರ ಪಡೆಯುತ್ತೇವೋ ಅದರೊಳಗೇ ಅದರ ಮನೆ. ಕೃಷಿಯಲ್ಲಿ ಡಿಡಿಟಿ ಬಳಕೆಗೆ 1989ರಲ್ಲಿಯೂ ಗಮಾಕ್ಸಿನ್‌ಗೆ, ಅಂದರೆ ಬಿಎಚ್‌ಸಿಗೆ, 1997ರಲ್ಲಿಯೂ ನಿಷೇಧ ಬಂತು. ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿದಾಗ ಕೀಟನಾಶಕದ ತಕರಾರು ಇಲ್ಲವೆನ್ನುವಷ್ಟು ಇಳಿದಿತ್ತು. (ಬೂಷ್ಟು ಹಿಡಿದ ಹಿಂಡಿಯಿಂದ ಬರುವ ಅಫ್ಲಾಟಾಕ್ಸಿನ್ ಮಾತ್ರ 368 ಮಾದರಿಗಳಲ್ಲಿ ಮಿತಿ ಮೀರಿತ್ತು. ಅದಕ್ಕೆ ಬೇರೆಯೇ ಒಂದು ಸಭೆ ಬೇಕು.) ಅಳೆದು ನೋಡಿದ್ದರಿಂದ ಗೊತ್ತಾಯಿತು, ಗೊತ್ತಾದದ್ದರಿಂದ ನಿಂತಿತು.

ಅಳೆಯದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಕನ್ನಡ ನಾಡಿನ ಗಡಿಯಲ್ಲೇ ಉದಾಹರಣೆಯಿದೆ. ಕಾಸರಗೋಡಿನ ಪಡ್ರೆ ಗ್ರಾಮದ ಸುತ್ತಲ ಗೇರು ತೋಟಗಳಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, 2000ನೇ ಇಸವಿಯವರೆಗೆ, ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದರು. ಅಲ್ಲಿ ಮೊದಲು ಎಚ್ಚರಿಸಿದ್ದು ಮನುಷ್ಯರಲ್ಲ, ಕರುಗಳು. 1979ರಲ್ಲಿ ಒಬ್ಬ ರೈತರ ಮನೆಯಲ್ಲಿ ಕಾಲು ಸೊಟ್ಟಗಿದ್ದ, ಬೆಳೆಯದ ಕರುಗಳು ಹುಟ್ಟಿದವು. ಅದೇ ಊರಿನ ಪತ್ರಕರ್ತ ಶ್ರೀ ಪಡ್ರೆಯವರು ಆ ಕುರಿತು 1981ರಲ್ಲಿಯೇ ಬರೆದರು. ಕೇಳುವವರಿರಲಿಲ್ಲ. 2001ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ ಅಲ್ಲಿಂದ ರಕ್ತ, ಹಾಲು, ತರಕಾರಿ, ನೀರಿನ ಮಾದರಿಗಳನ್ನು ತರಿಸಿ ಪರೀಕ್ಷಿಸಿ ಎಂಡೋಸಲ್ಫಾನ್ ಇದೆ ಎಂದಿತು. ಆಮೇಲೆ ತೋಟದ ನಿಗಮದವರು ಬೇರೊಂದು ಸಂಸ್ಥೆಯಿಂದ ಮಾಡಿಸಿದ ಪರೀಕ್ಷೆ ಅದಕ್ಕೆ ವಿರುದ್ಧವಾಗಿ ಹೇಳಿತು. ಮಾದರಿಯನ್ನು ಯಾರು ತೆಗೆದರು, ಯಾವಾಗ ತೆಗೆದರು, ಎಲ್ಲಿಂದ ತೆಗೆದರು ಎಂಬುದರ ಮೇಲೆಯೇ ಜಗಳ ವರ್ಷಗಟ್ಟಲೆ ನಡೆಯಿತು. ಕೊನೆಗೆ ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಎಂಡೋಸಲ್ಫಾನ್ ನಿಲ್ಲಿಸಿದ್ದು 2011ರ ಮೇ ತಿಂಗಳಿನಲ್ಲಿ, ಆ ಕರುಗಳು ಹುಟ್ಟಿ ಮೂವತ್ತೆರಡು ವರ್ಷವಾದ ಮೇಲೆ.

ಈಗ ಪರೀಕ್ಷೆ ಎಂದರೇನು ನೋಡೋಣ. ಮೊದಲು ಅಳತೆ. ಒಂದು ಕಿಲೋ ಎಂದರೆ ಹತ್ತು ಲಕ್ಷ ಮಿಲಿಗ್ರಾಂ. ಯಾವ ಔಷಧಿಗೆ ಯಾವ ಬೆಳೆಯಲ್ಲಿ ಪ್ರತ್ಯೇಕ ಮಿತಿಯನ್ನು ಗೊತ್ತುಮಾಡಿಲ್ಲವೋ ಅಲ್ಲಿ ನಮ್ಮ ದೇಶದ ಸಾಮಾನ್ಯ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಹತ್ತು ಕೋಟಿಯಲ್ಲಿ ಒಂದು ಪಾಲು. ಹತ್ತು ಟನ್ ಟೊಮ್ಯಾಟೊ ತುಂಬಿದ ಲಾರಿಯಲ್ಲಿ ಒಟ್ಟು ನೂರು ಮಿಲಿಗ್ರಾಂ ಇದ್ದರೆ ಮಿತಿ ಮುಟ್ಟಿತು. ಒಂದು ಚಿಟಿಕೆ ಉಪ್ಪೂ ಅದಕ್ಕಿಂತ ಹೆಚ್ಚು ತೂಗುತ್ತದೆ. ಇಷ್ಟನ್ನು ಮೂಗು, ನಾಲಗೆ, ಕಣ್ಣು ಕಂಡುಹಿಡಿಯಲಾರವು. ವಾಸನೆ ಹೋಯಿತು, ಇನ್ನು ಕೊಯ್ಯಬಹುದು ಎಂಬ ಲೆಕ್ಕ ಪೂರ್ತಿ ತಪ್ಪು.

ಪ್ರಯೋಗಾಲಯ ದೂರದಲ್ಲೇನೂ ಇಲ್ಲ. ಮೈಸೂರಿನ ಸಿಎಫ್‌ಟಿಆರ್‌ಐ 1950ರಿಂದ ಇದೆ, ಶ್ರೀರಂಗಪಟ್ಟಣದಿಂದ ಒಂದು ಬಸ್ಸಿನ ದಾರಿ. ಬೆಂಗಳೂರಿನಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿದೆ, ಕೃಷಿ ವಿಶ್ವವಿದ್ಯಾನಿಲಯವಿದೆ. ಇಂಥ ಪ್ರಯೋಗಾಲಯಗಳಲ್ಲಿ ನಡೆಯುವ ಕ್ರಮವನ್ನು ಚಿಕ್ಕದಾಗಿ ಹೇಳುತ್ತೇನೆ. ಟೊಮ್ಯಾಟೊವಿನಂಥ ಮಧ್ಯಮ ಗಾತ್ರದ ಕಾಯಿಯಾದರೆ ಕನಿಷ್ಠ ಒಂದು ಕಿಲೋ, ಅದರಲ್ಲಿ ಹತ್ತು ಕಾಯಿಗೆ ಕಡಿಮೆಯಿಲ್ಲದಂತೆ ಬೇಕು. ಎಲೆಕೋಸಿನಂಥ ದೊಡ್ಡದಾದರೆ ಎರಡು ಕಿಲೋ, ಐದು ಗಡ್ಡೆಗೆ ಕಡಿಮೆಯಿಲ್ಲದಂತೆ. ತೊಳೆಯಬಾರದು. ಎಲ್ಲವನ್ನೂ ಕತ್ತರಿಸಿ ಒಟ್ಟಿಗೆ ರುಬ್ಬಿ, ಆ ಹಿಟ್ಟಿನಲ್ಲಿ ಹತ್ತೋ ಹದಿನೈದೋ ಗ್ರಾಂ ಮಾತ್ರ ತೆಗೆದುಕೊಳ್ಳುತ್ತಾರೆ. ಅದಕ್ಕೆ ಅಸಿಟೋನೈಟ್ರೈಲ್ ಎಂಬ ದ್ರಾವಕವನ್ನೂ ಕೆಲವು ಲವಣಗಳನ್ನೂ ಹಾಕಿ ಕುಲುಕಿ, ಗರಗರ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ಶುದ್ಧಿಮಾಡಿ ಯಂತ್ರಕ್ಕೆ ಕೊಡುತ್ತಾರೆ. ಫ್ಯಾಟ್ ಟೆಸ್ಟಿನಲ್ಲಿ ತಿರುಗಿಸಿದರೆ ಕೊಬ್ಬು ಮೇಲೆ ಬಂದು ನಿಲ್ಲುತ್ತಿತ್ತಲ್ಲ, ಅದೇ ಉಪಾಯ. ಈ ಸರಳ ಕ್ರಮ 2003ರಲ್ಲಿ ಬಂದ ಮೇಲೆ ಒಂದೇ ಮಾದರಿಯಲ್ಲಿ ನೂರಕ್ಕೂ ಹೆಚ್ಚು ಔಷಧಿಗಳನ್ನು ಒಟ್ಟಿಗೆ ಹುಡುಕುವುದು ಸುಲಭವಾಯಿತು. ಆದರೂ ಒಂದು ಮಾದರಿಗೆ ಸಾವಿರಾರು ರೂಪಾಯಿ ಖರ್ಚು, ಉತ್ತರಕ್ಕೆ ಕೆಲವು ದಿನಗಳ ಕಾಯುವಿಕೆ. ಅಷ್ಟರಲ್ಲಿ ಕಾಯಿ ಊಟವಾಗಿರುತ್ತದೆ.

ಇನ್ನೊಂದು ಮಿತಿಯನ್ನು ಪ್ರಯೋಗಾಲಯದವರು ಹೆಚ್ಚಾಗಿ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಹುಡುಕಿದ್ದು ಮಾತ್ರ ಸಿಗುತ್ತದೆ. ಪಟ್ಟಿಯಲ್ಲಿ ಇಲ್ಲದ ಔಷಧಿ ಯಂತ್ರದ ಮುಂದೆಯೇ ಹಾದುಹೋದರೂ ವರದಿಯಲ್ಲಿ ಬರುವುದಿಲ್ಲ. ಟೊಮ್ಯಾಟೊಗೆ ವಾರವಾರ ಹೊಡೆಯುವ ಮ್ಯಾಂಕೋಜೆಬ್ ಇದೆಯಲ್ಲ, ಅದು ಈ ಒಟ್ಟು ಪರೀಕ್ಷೆಯಲ್ಲಿ ಸಿಗದು, ಅದಕ್ಕೆ ಬೇರೆ ಪರೀಕ್ಷೆ ಬೇಕು. ಕಳೆನಾಶಕ ಗ್ಲೈಫೋಸೇಟ್‌ಗೂ ಹಾಗೆಯೇ. 2010ರಲ್ಲಿ ನಮ್ಮ ದೇಶದ ದ್ರಾಕ್ಷಿಗೆ ಆದದ್ದು ಇದೇ. ಇಲ್ಲಿ ಪರೀಕ್ಷೆಯಾಗಿ ಪಾಸಾಗಿ ಯೂರೋಪಿಗೆ ಹೋದ ಹಣ್ಣನ್ನು ಅಲ್ಲಿಯವರು ತಡೆದರು. ಬಳ್ಳಿಯ ಬೆಳವಣಿಗೆಯನ್ನು ಹಿಡಿತದಲ್ಲಿಡಲು ಬಳಸುತ್ತಿದ್ದ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಎಂಬುದನ್ನು ಇಲ್ಲಿ ಹುಡುಕಿರಲೇ ಇಲ್ಲ, ಅಲ್ಲಿ ಹುಡುಕಿದರು. ಆದ್ದರಿಂದ ಮಾದರಿಯೊಂದಿಗೆ ನಾವು ಏನೇನು ಹೊಡೆದಿದ್ದೇವೆ ಎಂಬ ಚೀಟಿಯೂ ಹೋಗಬೇಕು. ಚೀಟಿಯಿಲ್ಲದ ಮಾದರಿ ಅರ್ಧ ಮಾದರಿ.

ಪಟ್ಟಿಯಿಂದ ಬಣ್ಣ ಬದಲಾಗುವ ಸುಲಭ ಪರೀಕ್ಷೆಗಳೂ ಇವೆ, ಅವನ್ನೇ ತರಿಸಿಕೊಳ್ಳಬಹುದಲ್ಲ ಎಂದು ಕೇಳುವಿರಿ. ಉಪಯೋಗವಿದೆ, ಆದರೆ ಲ್ಯಾಕ್ಟೋಮೀಟರಿನ ಹಾಗೆ. ಬರೀ ನೀರು ಹಾಕಿದರೆ ಲ್ಯಾಕ್ಟೋಮೀಟರ್ ಹೇಳುತ್ತದೆ, ನೀರಿನ ಜೊತೆ ಸಕ್ಕರೆ ಹಾಕಿದರೆ ಅದು ಮೋಸಹೋಗುತ್ತದೆ ಎಂಬುದು ಇಲ್ಲಿರುವ ಪರೀಕ್ಷಕರಿಗೆ ಗೊತ್ತು. ಆ ಪಟ್ಟಿಯೂ ಮಾನೋಕ್ರೋಟೋಫಾಸ್, ಅಸಿಫೇಟ್ ಗುಂಪಿನ ಔಷಧಿಗಳಿಗೂ ಕಾರ್ಬಮೇಟ್‌ಗಳಿಗೂ ಮಾತ್ರ ಬಣ್ಣ ತೋರಿಸುತ್ತದೆ. ಇಮಿಡಾಕ್ಲೋಪ್ರಿಡ್, ಸೈಪರ್‌ಮೆಥ್ರಿನ್, ಶಿಲೀಂಧ್ರನಾಶಕಗಳು ಅದಕ್ಕೆ ಕಾಣುವುದೇ ಇಲ್ಲ.

ದೇಶದ ಒಟ್ಟು ಸ್ಥಿತಿ ಹೇಗಿದೆ? ಕೇಂದ್ರ ಸರ್ಕಾರದ ಉಸ್ತುವಾರಿ ಯೋಜನೆಯಲ್ಲಿ 2014-15ರಲ್ಲಿ 20,618 ಮಾದರಿಗಳನ್ನು ಪರೀಕ್ಷಿಸಿದರು. ಶೇ. 18.7ರಲ್ಲಿ ಔಷಧಿಯ ಅಂಶ ಸಿಕ್ಕಿತು. ಮಿತಿ ಮೀರಿದ್ದು 543, ಅಂದರೆ ಶೇ. 2.6. ಪತ್ರಿಕೆಗಳನ್ನು ಓದಿ ತರಕಾರಿಯೆಲ್ಲ ವಿಷವೆಂದು ಹೆದರುವವರಿಗೆ ಈ ಅಂಕಿ ಸಮಾಧಾನ ಕೊಡಬಹುದು. ನನಗೆ ಅಷ್ಟು ಸಮಾಧಾನವಿಲ್ಲ. ಶೇ. 12.5 ಮಾದರಿಗಳಲ್ಲಿ ಅನುಮತಿಯೇ ಇಲ್ಲದ ಔಷಧಿ ಇತ್ತೆಂದು ಅದೇ ವರದಿ ಹೇಳುತ್ತದೆ. ಹತ್ತಿಗೆಂದು ಬಂದದ್ದು ಬೆಂಡೆಗೆ, ಭತ್ತಕ್ಕೆಂದು ಬಂದದ್ದು ಹೂಕೋಸಿಗೆ. ರೈತ ಹುಳುವನ್ನು ಹಿಡಿದುಕೊಂಡು ಅಂಗಡಿಗೆ ಹೋಗುತ್ತಾನೆ, ಅಂಗಡಿಯವರು ಇದ್ದದ್ದನ್ನು ಕೊಡುತ್ತಾರೆ. ಹೋದ ಸಲ ಉಳಿದ ಸಾಲವೂ ಅಲ್ಲೇ ಇರುವುದರಿಂದ ಬೇರೆ ಕೇಳುವ ಹಾಗಿಲ್ಲ.

ಈಗ ಇಡೀ ವಿಷಯದ ಮುಖ್ಯ ಭಾಗಕ್ಕೆ ಬರುತ್ತೇನೆ. ಒಂದು ರೂಪಾಯಿಯೂ ಖರ್ಚಿಲ್ಲದ, ಯಂತ್ರವಿಲ್ಲದ ಪರೀಕ್ಷೆಯೊಂದು ಡಬ್ಬಿಯ ಮೇಲೆಯೇ ಇದೆ. ಹೊಡೆದ ದಿನದಿಂದ ಕೊಯ್ಯುವ ದಿನಕ್ಕೆ ಎಷ್ಟು ಅಂತರ ಬೇಕೆಂದು ಲೇಬಲ್ಲಿನಲ್ಲಿ ಬರೆದಿರುತ್ತಾರೆ. ಬಿಸಿಲು, ನೀರು, ಗಿಡದ ಒಳಗಿನ ರಸಕ್ರಿಯೆ, ಇವು ಔಷಧಿಯನ್ನು ದಿನದಿಂದ ದಿನಕ್ಕೆ ಒಡೆಯುತ್ತವೆ. ಅಷ್ಟು ದಿನ ಬಿಟ್ಟರೆ ಮಿತಿಯ ಒಳಗೆ ಇಳಿಯುತ್ತದೆ ಎಂದು ಹೊಲದಲ್ಲಿ ನೋಡಿಯೇ ಆ ಸಂಖ್ಯೆಯನ್ನು ಗೊತ್ತುಮಾಡಿರುತ್ತಾರೆ. ಅದು ಔಷಧಿಗೊಂದು, ಬೆಳೆಗೊಂದು. ಇಮಿಡಾಕ್ಲೋಪ್ರಿಡ್ 17.8 ಎಸ್‌ಎಲ್ ಟೊಮ್ಯಾಟೊಗೆ ಹೊಡೆದರೆ 3 ದಿನ ಸಾಕು, ಅದನ್ನೇ ಮೆಣಸಿನಕಾಯಿಗೆ ಹೊಡೆದರೆ 40 ದಿನ. ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಟೊಮ್ಯಾಟೊಗೆ 3, ಬೆಂಡೆಗೆ 5, ಹಾಗಲಕ್ಕೆ 7, ಬದನೆಗೆ 22 ದಿನ. ಟೊಮ್ಯಾಟೊದಲ್ಲಿ ಕಲಿತ ಲೆಕ್ಕವನ್ನು ಪಕ್ಕದ ಸಾಲಿನ ಬದನೆಗೆ ಹಾಕಿದರೆ ಹತ್ತೊಂಬತ್ತು ದಿನ ಮುಂಚಿತವಾಗಿಯೇ ಕೊಯ್ದಂತಾಯಿತು.

ಈ ಎರಡನೆಯ ಡಬ್ಬಿಯ ಮೇಲಿರುವ ತ್ರಿಕೋನ ಹಸಿರು. ಹಸಿರು ಕಂಡೊಡನೆ ಇದು ಏನೂ ಮಾಡದು, ನಾಳೆಯೇ ಕೊಯ್ಯಬಹುದು ಎಂದು ತಿಳಿಯುವವರಿದ್ದಾರೆ. ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳು ಹೇಳುವುದು ಆ ಔಷಧಿ ನೇರವಾಗಿ ಮೈಗೆ ಹೋದರೆ ಎಷ್ಟು ಅಪಾಯ ಎಂಬುದನ್ನು. ಎಷ್ಟು ದಿನ ಕಾಯಬೇಕು ಎಂಬುದಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ.

ಬೆಂಡೆಯನ್ನು ದಿನ ಬಿಟ್ಟು ದಿನ ಕೊಯ್ಯಬೇಕು, ಐದು ದಿನ ಹೇಗೆ ಕಾಯುವುದು? ನ್ಯಾಯವಾದ ಪ್ರಶ್ನೆ. ಬಿಟ್ಟರೆ ಬಲಿಯುತ್ತದೆ, ಬಲಿತದ್ದನ್ನು ಕೀಳದಿದ್ದರೆ ಗಿಡ ಹೊಸ ಕಾಯಿ ಕಟ್ಟುವುದಿಲ್ಲ, ಕಿತ್ತದ್ದನ್ನು ಮಾರುವ ಹಾಗಿಲ್ಲ. ಎರಡು ಕೊಯ್ಲು ನಷ್ಟ. ಈ ನಷ್ಟವಿಲ್ಲವೆಂದು ನಾನು ಹೇಳಲಾರೆ. ಕಡಿಮೆ ಮಾಡುವ ದಾರಿಗಳಿವೆ. ಹೊಡೆಯಲೇಬೇಕಾದರೆ ಕೊಯ್ಲು ಮುಗಿಸಿದ ಸಂಜೆಯೇ ಹೊಡೆಯುವುದು. ಕಾಯಿ ಕಟ್ಟುವ ಮೊದಲು ಬಲವಾದ ಔಷಧಿ, ಕೊಯ್ಲು ಶುರುವಾದ ಮೇಲೆ ಬೇವಿನದೋ ಕಡಿಮೆ ಅಂತರದ್ದೋ. ಬದನೆಯಲ್ಲಿ ಬಾಡಿದ ಕುಡಿಯನ್ನು ಹುಳುವಿನ ಸಮೇತ ಚಿವುಟಿ ಸುಡುವುದು, ಲಿಂಗಾಕರ್ಷಕ ಬಲೆ ಕಟ್ಟುವುದು. ಇವೆಲ್ಲ ಕೂಲಿ ಬೇಡುವ ಕೆಲಸ, ನಿಜ. ಔಷಧಿಯ ಡಬ್ಬಿಗೆ ಕೊಡುವ ಹಣವನ್ನೂ ಒಮ್ಮೆ ಪಕ್ಕದಲ್ಲಿ ಬರೆದು ನೋಡಿ.

ತಾಯಂದಿರಿಗೆ ಸಂಬಂಧಿಸಿದ ಒಂದು ಮಾತಿದೆ. ನಮ್ಮ ಕಡೆ ಔಷಧಿ ಹೊಡೆಯುವವರು ಗಂಡಸರು, ಕಾಯಿ ಕೊಯ್ಯುವವರು ಹೆಂಗಸರು. ಯಾವ ಸಾಲಿಗೆ ಯಾವ ದಿನ ಏನು ಹೊಡೆದರೆಂದು ಕೊಯ್ಯುವವರಿಗೆ ಗೊತ್ತಿರುವುದೇ ಇಲ್ಲ. ಮಾರಲು ಕೊಯ್ಯುವಾಗ ಹಿಡಿಯಷ್ಟು ಸಾರಿಗೂ ತರುತ್ತಾರೆ. ಹೊಡೆದ ಹೊಲದ ಮೂಲೆಯಲ್ಲಿ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿ, ದಿನ ತುಂಬಿದ ಮೇಲೆ ಬಿಚ್ಚಿ. ಹೊಡೆದವರೇ ಕಟ್ಟಬೇಕು, ಅವರೇ ಬಿಚ್ಚಬೇಕು.

ತೆಂಗಿನ ವಿಚಾರವನ್ನು ನಾಗಮಂಗಲ, ಕೆ.ಆರ್. ಪೇಟೆಯವರಿಗಾಗಿ ಹೇಳುತ್ತೇನೆ. ನುಸಿ ರೋಗ ಬಂದಾಗ ಬೇರಿನ ಮೂಲಕ ಮಾನೋಕ್ರೋಟೋಫಾಸ್ ಉಣಿಸುವ ಪದ್ಧತಿ ಬಂತು. ಹಾಗೆ ಕೊಟ್ಟ ಮರದಿಂದ 45 ದಿನ ಕಾಯಿ ಕೀಳಬಾರದೆಂದು ಜೊತೆಗೇ ಹೇಳಿದ್ದರು. ಬೇರಿನಿಂದ ಏರಿದ್ದು ಎಳನೀರಿನೊಳಗೂ ಇಳಿಯಬಲ್ಲದು, ಎಳನೀರನ್ನು ಯಾರೂ ತೊಳೆದು ಕುಡಿಯುವುದಿಲ್ಲ. ಮದ್ದೂರಿನ ಮಾರುಕಟ್ಟೆಯಿಂದ ನಮ್ಮ ಎಳನೀರು ಎಲ್ಲೆಲ್ಲಿಗೆ ಹೋಗುತ್ತದೆಂದು ತಾವು ಬಲ್ಲಿರಿ, ಹೆಚ್ಚಾಗಿ ಕಾಯಿಲೆಯವರ ಕೈಗೆ. ತರಕಾರಿಯ ಮೇಲೆ ಮಾನೋಕ್ರೋಟೋಫಾಸ್ ಬಳಸಬಾರದೆಂದು 2005ರಲ್ಲಿಯೇ ನಿಷೇಧವಾಯಿತು. 2013ರಲ್ಲಿ ಬಿಹಾರದ ಶಾಲೆಯೊಂದರ ಬಿಸಿಯೂಟದಲ್ಲಿ 23 ಮಕ್ಕಳನ್ನು ಕೊಂದದ್ದು ಅದೇ, 2018ರಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಪ್ರಸಾದದಲ್ಲಿ ಬೆರೆಸಿದ್ದೂ ಅದೇ. 2023ರ ಆದೇಶವು ಇದ್ದ ದಾಸ್ತಾನು ತೀರಿಸಲು ಒಂದು ವರ್ಷದ ಅವಕಾಶ ಕೊಟ್ಟು ಅದರ 36 ಎಸ್‌ಎಲ್ ದ್ರಾವಣವನ್ನು ನಿಲ್ಲಿಸಿತು. ಅಟ್ಟದ ಮೇಲೆ ಹಳೆಯ ಡಬ್ಬಿಯಿದ್ದರೆ ಅದು ಈಗ ಬಳಸತಕ್ಕದ್ದಲ್ಲ.

ಕಾನೂನು ಇದೆಯಲ್ಲ, ಅಧಿಕಾರಿಗಳು ನೋಡಿಕೊಳ್ಳಲಿ ಎನ್ನಬಹುದು. 1958ರಲ್ಲಿ ಒಂದೇ ಹಡಗಿನಲ್ಲಿ ಫಾಲಿಡಾಲ್ ಮತ್ತು ಹಿಟ್ಟು ಬಂದು, ಸೋರಿದ ವಿಷ ಆಹಾರಕ್ಕೆ ಸೇರಿ ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಅದರ ಫಲವಾಗಿ 1968ರ ಕೀಟನಾಶಕ ಅಧಿನಿಯಮ ಬಂತು. ಅದು ಡಬ್ಬಿಯ ಮಾರಾಟವನ್ನು ನೋಡುತ್ತದೆ. ಊಟವನ್ನು ನೋಡುವುದು 2006ರ ಆಹಾರ ಸುರಕ್ಷತೆ ಅಧಿನಿಯಮ. ಆದರೆ ಹೊಲದ ಮಟ್ಟದಲ್ಲಿ ರೈತ ಬೆಳೆದದ್ದಕ್ಕೆ ಈ ಕಾನೂನು ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಹೇಳಿದೆ. ಅಧಿಕಾರಿ ಮಾದರಿ ತೆಗೆಯುವುದು ಅಂಗಡಿಯಲ್ಲಿ. ಅಂಗಡಿಯವನಿಗೆ ಅದು ಯಾವ ಊರಿನ ಕಾಯಿ ಎಂದು ಗೊತ್ತಿಲ್ಲ. ಇಪ್ಪತ್ತು ಚೀಲ ಒಂದೇ ರಾಶಿಗೆ ಸುರಿದಾಗಿದೆ. ತಪ್ಪು ಸಿಕ್ಕರೂ ಹಿಂದಕ್ಕೆ ಹೋಗಿ ತಿದ್ದಲು ದಾರಿಯಿಲ್ಲ.

ದ್ರಾಕ್ಷಿಯವರು ಈ ದಾರಿಯನ್ನು ಕಟ್ಟಿಕೊಂಡರು. 2003ರಲ್ಲಿ ಯೂರೋಪಿನಲ್ಲಿ ಮೆಥೋಮಿಲ್, ಅಸಿಫೇಟ್ ಸಿಕ್ಕಿ ಹಣ್ಣು ತಿರಸ್ಕೃತವಾದ ಮೇಲೆ ರಫ್ತಿನ ಪ್ರತಿ ತೋಟಕ್ಕೂ ಒಂದು ನೋಂದಣಿ ಸಂಖ್ಯೆ ಕೊಟ್ಟರು. ಕೊಯ್ಲಿಗೆ ಮೊದಲೇ ತೋಟದಿಂದ ಮಾದರಿ ಹೋಗಬೇಕು, ಪಾಸಾದ ತೋಟದ ಹಣ್ಣು ಮಾತ್ರ ಹೊರಡಬೇಕು ಎಂದು ಗೊತ್ತುಮಾಡಿದರು. ಸಂಖ್ಯೆ, ಮಾದರಿ, ಹೆಸರು, ಇದು ನಮಗೆ ಹೊಸದೇ? ನಮ್ಮ ಪ್ರತಿ ಸಂಘದಲ್ಲಿ ದಿನಕ್ಕೆರಡು ಬಾರಿ ನಡೆಯುವುದು ಇದೇ ಅಲ್ಲವೇ? ಈ ನಾಲ್ಕು ತಾಲ್ಲೂಕುಗಳ ಹಳ್ಳಿಹಳ್ಳಿಯಲ್ಲಿ ಸದಸ್ಯರ ಪಟ್ಟಿಯಿದೆ, ಲೆಕ್ಕ ಬರೆಯುವ ಕಾರ್ಯದರ್ಶಿಯಿದ್ದಾರೆ, ಮಾದರಿ ತೆಗೆಯಲು ಬಲ್ಲ ಪರೀಕ್ಷಕರಿದ್ದಾರೆ, ದಿನವೂ ಗೆಜ್ಜಲಗೆರೆಯ ಕಡೆಗೆ ಹೋಗುವ ವಾಹನವಿದೆ. ತರಕಾರಿಗೆ ಇವುಗಳಲ್ಲಿ ಒಂದೂ ಇಲ್ಲ.

ಹೆಸರು ಕೆಟ್ಟರೆ ಏನಾಗುತ್ತದೆಂಬುದೂ ನಮಗೆ ಗೊತ್ತಿದೆ. 2021ರಲ್ಲಿ ಟ್ಯಾಂಕರ್ ಹಾಲಿಗೆ ನೀರು ಬೆರೆಸುತ್ತಿದ್ದ ಪ್ರಕರಣ ಬಯಲಾದಾಗ ಶುದ್ಧ ಹಾಲು ಹಾಕಿದವರೂ ತಲೆ ತಗ್ಗಿಸಬೇಕಾಯಿತು. ಆದರೂ ಅದು ಬಯಲಾದದ್ದು ಎಲ್ಲೋ ಒಂದು ಕಡೆ ಅಳತೆ ಎಂಬುದು ಇದ್ದದ್ದರಿಂದ.

ಆದ್ದರಿಂದ ನನ್ನ ಸಲಹೆ ಇಷ್ಟು. ತರಕಾರಿ ಬೆಳೆಯುವ ಸದಸ್ಯರಿರುವ ಸಂಘಗಳು ಮೊದಲು ಒಂದು ಪುಸ್ತಕ ಇಡಲಿ. ಹೊಲ, ಬೆಳೆ, ಹೊಡೆದ ದಿನ, ಔಷಧಿಯ ಹೆಸರು, ಪ್ರಮಾಣ, ಕೊಯ್ಲಿನ ದಿನ, ಆರು ಕಲಮು ಸಾಕು. ಹಾಲು ಹಾಕಲು ಬಂದಾಗ ಹೇಳಿ ಬರೆಸಬಹುದು. ವರ್ಷಕ್ಕೆ ಮೂರೋ ನಾಲ್ಕೋ ಬಾರಿ, ಚೀಟಿ ಎತ್ತಿ ಬಂದ ಒಂದು ಹೊಲದಿಂದ, ಕೊಯ್ಲಿಗೆ ಮುಂಚೆ, ಮಾದರಿ ಪ್ರಯೋಗಾಲಯಕ್ಕೆ ಹೋಗಲಿ, ಖರ್ಚನ್ನು ಬೆಳೆಗಾರರೆಲ್ಲ ಹಂಚಿಕೊಳ್ಳಲಿ. ಖರ್ಚು ಉಳಿಸಲು ಹತ್ತು ಹೊಲದ ಕಾಯಿ ಸೇರಿಸಿ ಒಂದೇ ಮಾದರಿ ಮಾಡಬೇಡಿ. ನೀರು ಹಾಕಿದ ಒಬ್ಬನ ಹಾಲು ಕ್ಯಾನಿನಲ್ಲಿ ಬೆರೆತುಹೋದ ಹಾಗೆ ಕೆಟ್ಟ ಹೊಲ ಒಳ್ಳೆಯ ಹೊಲಗಳಲ್ಲಿ ಅಡಗಿಬಿಡುತ್ತದೆ.

ಕೊಟ್ಟಿಗೆಗೆ ಸಂಬಂಧಿಸಿ ಎರಡು ಎಚ್ಚರಿಕೆ. ಮಾರುಕಟ್ಟೆ ಬಿದ್ದಾಗ ಟೊಮ್ಯಾಟೊ, ಎಲೆಕೋಸಿನ ಹೊರ ಎಲೆ, ಬಲಿತ ಬೆಂಡೆ ಎಲ್ಲ ಹಸುವಿಗೆ ಹೋಗುತ್ತವೆ. ಔಷಧಿ ಹೆಚ್ಚಾಗಿ ಕೂರುವುದು ಹೊರ ಎಲೆಯ ಮೇಲೆ. ಈಗಿನ ಔಷಧಿಗಳು ಡಿಡಿಟಿಯ ಹಾಗೆ ಕೊಬ್ಬಿನಲ್ಲಿ ವರ್ಷಗಟ್ಟಲೆ ಕೂರುವುದಿಲ್ಲ, ನಿಜ. ಆದರೆ ಹೊಸದಾಗಿ ಹೊಡೆದದ್ದನ್ನು ಹೊಟ್ಟೆತುಂಬ ತಿಂದ ಹಸು ಸಂಜೆಯೊಳಗೆ ಸಾಯಬಹುದು. ಬಾಯಲ್ಲಿ ಜೊಲ್ಲು ನೊರೆ, ಕಣ್ಣೀರು, ಮಾಂಸಖಂಡಗಳ ಅದುರು, ಏದುಸಿರು, ತೂರಾಟ ಕಂಡರೆ ಕಾಯಬೇಡಿ, ಪಶುವೈದ್ಯರನ್ನು ಕರೆಸಿ. ಹೊಡೆದ ಔಷಧಿಯ ಡಬ್ಬಿಯನ್ನು ಅವರಿಗೆ ತೋರಿಸಿ. ಅಟ್ರೋಪಿನ್ ಚುಚ್ಚುಮದ್ದು ಕೆಲಸ ಮಾಡುವುದು ಕೆಲವು ಗುಂಪಿನ ಔಷಧಿಗಳಿಗೆ, ಅದು ಯಾವುದೆಂದು ಡಬ್ಬಿಯೇ ಹೇಳಬೇಕು. ಎರಡನೆಯದು ಉಣ್ಣೆ. ಹೊಲಕ್ಕೆ ತಂದ ಔಷಧಿಯನ್ನೇ ನೀರಿಗೆ ಬೆರೆಸಿ ಹಸುವಿನ ಮೈಗೆ ಬಳಿಯುವವರಿದ್ದಾರೆ. ಅದು ಚರ್ಮದಿಂದ ಒಳಗೆ ಹೋಗುತ್ತದೆ, ಹಸು ನೆಕ್ಕಿಯೂ ಹೋಗುತ್ತದೆ. ಉಣ್ಣೆಗೆ ಪಶುಗಳಿಗೆಂದೇ ಇರುವ ಔಷಧಿಯನ್ನು ವೈದ್ಯರನ್ನು ಕೇಳಿ ಹಾಕಿ, ಎಷ್ಟು ಹೊತ್ತಿನ ಹಾಲು ಬಿಡಬೇಕೆಂದು ಕೇಳಿಕೊಳ್ಳಿ. ಸಿಂಪಡಿಸುವ ಡಬ್ಬಿಯನ್ನು ದನ ನೀರು ಕುಡಿಯುವ ನಾಲೆಯಲ್ಲಿ ತೊಳೆಯಬೇಡಿ.

ಅಡುಗೆಮನೆಯಲ್ಲಿ ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಮೇಲೆ ಕೂತದ್ದು ಒಂದಷ್ಟು ಹೋಗುತ್ತದೆ, ಸಿಪ್ಪೆ ತೆಗೆದರೆ ಇನ್ನಷ್ಟು. ಉಪ್ಪು ನೀರು, ಹುಣಸೆ ನೀರು ಸ್ವಲ್ಪ ಸಹಾಯ ಮಾಡಬಹುದು. ಸೋಪು ಬೇಡ. ಗಿಡದ ರಸದೊಳಗೆ ಸೇರುವ ಇಮಿಡಾಕ್ಲೋಪ್ರಿಡ್, ಡೈಮಿಥೋಯೇಟ್‌ನಂಥವು ತೊಳೆದರೆ ಹೋಗವು.

ಸಭೆಗೆ ಮೊದಲು ಒಬ್ಬ ಕಾರ್ಯದರ್ಶಿಯವರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: “ಸ್ವಾಮಿ, ಪರೀಕ್ಷೆಯಲ್ಲಿ ನಮ್ಮೂರ ಕಾಯಿ ಫೇಲಾದರೆ ಊರಿನ ಹೆಸರೇ ಹೋಗುವುದಿಲ್ಲವೇ, ಸುಮ್ಮನಿರುವುದೇ ಲೇಸಲ್ಲವೇ?” ಅವರ ಭಯ ಸರಿಯಾದದ್ದೇ. ಅದಕ್ಕೇ ಮಾದರಿ ಕೊಯ್ಲಿಗೆ ಮುಂಚೆ ಹೋಗಬೇಕು, ಉತ್ತರದ ಚೀಟಿ ಮೊದಲು ಆ ಬೆಳೆಗಾರರ ಕೈಗೇ ಬರಬೇಕು. ಮಿತಿ ಮೀರಿದ್ದರೆ ಅವರು ಇನ್ನೊಂದು ವಾರ ಕಾಯಲಿ, ಮತ್ತೆ ಮಾದರಿ ಕಳುಹಿಸಲಿ. ಆ ವಾರದ ಕೊಯ್ಲಿನ ನಷ್ಟವನ್ನು ಒಬ್ಬರೇ ಹೊರುವುದೋ, ಬೆಳೆಗಾರರೆಲ್ಲ ಪಾಲು ಹಾಕುವುದೋ ಎಂಬುದನ್ನು ಮಾದರಿ ಕಳುಹಿಸುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಆಮೇಲೆ ಗೊತ್ತುಮಾಡಲು ಹೋದರೆ ಜಗಳವಾಗುತ್ತದೆ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ತಮ್ಮ ಸಂಘದಲ್ಲಿ ತರಕಾರಿ ಬೆಳೆಯುವ ಸದಸ್ಯರು ಎಷ್ಟು ಮಂದಿ ಎಂದು ಎಣಿಸಿ ನಡಾವಳಿಯಲ್ಲಿ ಬರೆಸಿ. ಮಿಕ್ಕದ್ದನ್ನು ಈಗ ತಾವು ಕೇಳುವ ಪ್ರಶ್ನೆಗಳಲ್ಲಿ ಮಾತನಾಡೋಣ.